ಯಾಡಿ ಅಂದರೆ ಯಾದಿಯಲ್ಲ

ಬಸ್ಸಿನಲ್ಲಿ ಕೂತಿದ್ದರೆ ಇದನ್ನು ಈಗಲೇ ಓದಬೇಡಿ... ಕಣ್ಣು ಒರೆಸಿಕೊಳ್ಳುವಾಗ ಪಕ್ಕದವರು ನೋಡಿದರು ಅಂತ ಆಮೇಲೆ ನನ್ನನ್ನು ಬೈಯಬೇಡಿ.

ನಮ್ಮ ಉತ್ತರ ಕರ್ನಾಟಕದ ಒಂದು ಯೂನಿವರ್ಸಿಟಿ. ಅಲ್ಲಿ ಕ್ಯಾಂಟೀನ್ ಹಿಂದೆ ಎರಡೇ ಕೋಣೆಯ ಒಂದು ‘ಆಸರೆ ಕೇಂದ್ರ’.

ತಾಂಡಾದಿಂದ, ಕಾಡಂಚಿನ ಕೇರಿಯಿಂದ, ಟಿಬೆಟನ್ ಕ್ಯಾಂಪಿನಿಂದ... ಮನೆತನದಲ್ಲೇ ಮೊದಲ ಸಲ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮಕ್ಕಳಿಗೆ ಅದೇ ತವರು.

ನೋಡಿಕೊಳ್ಳುವವರು ಫರ್ಜಾನಾ ಮೇಡಂ. ಅವರ ಮುಂದೆ ಕೂತು ಚಹಾ ಕುಡಿದವರು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಯೇ ಏಳುತ್ತಿದ್ದರು.

ಸೋನಿಬಾಯಿ ಚವ್ಹಾಣ ಮಾತ್ರ ಹೇಳಲಿಲ್ಲ.

ಎಂಎಸ್ಸಿಗೆ ಸೇರಿ ತಿಂಗಳೂ ಆಗಿರಲಿಲ್ಲ. ಬಂದವಳದು ಒಂದೇ ಮಾತು... “ನಂಗ ಟಿಸಿ ಕೊಡಸ್ರಿ ಮೇಡಂ. ಓದು ಸಾಕು, ಊರಿಗೆ ಹೋಗ್ತೀನಿ.”

“ಯಾಕವಾ? ಯಾರರ ಏನರ ಅಂದ್ರೇನು?”

“ಯಾರೂ ಏನೂ ಅಂದಿಲ್ರಿ.”

ಚಹಾ ಮುಟ್ಟದೆಯೇ ಆರಿಹೋಯಿತು.

ಎದ್ದು ನಿಂತವಳು ಗೋಡೆ ಹಿಡಿದಳು. ಮುಟ್ಟಿ ನೋಡಿದರೆ ಮೈ ಕೆಂಡ! ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟು, ಕೇಂದ್ರದ ಒಳಕೋಣೆಯಲ್ಲೇ ಮಲಗಿಸಿದರು.

ಅವಳ ರೂಮ್‌ಮೇಟ್ ಪೆಮಾ, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹುಡುಗಿ, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು.

ಜ್ವರದಲ್ಲಿ ಸೋನಿ ಕನವರಿಸತೊಡಗಿದಳು... “ಯಾಡಿ... ಯಾಡಿ...”

ಮೇಡಂ ಕಿವಿಗೆ ಬಿದ್ದದ್ದು ‘ಯಾದಿ’! ನಮ್ಮ ಕಡೆ ಲಿಸ್ಟಿಗೆ ಯಾದಿ ಅಂತಾರಲ್ಲ, ಅದು.

ಆ ವಾರವೇ ಸ್ಕಾಲರ್‌ಶಿಪ್ ಯಾದಿ ಬರಬೇಕಿತ್ತು. ಅಯ್ಯೋ, ಕೂಸು ಇದಕ್ಕೇ ಕೊರಗಿದೆ ಅಂದುಕೊಂಡ ಮೇಡಂ ಆಫೀಸಿಗೆ ಓಡಿದರು. ಊಟಕ್ಕೆ ಕೂತ ಕ್ಲರ್ಕನ್ನು ಎಬ್ಬಿಸಿ, ನೋಡಿಸಿ, ಏದುಸಿರು ಬಿಡುತ್ತ ಬಂದರು.

“ಯಾದಿ ಬಂತವಾ! ನಿನ್ನ ಹೆಸರೂ ಐತಿ!”

ಸೋನಿ ಕಣ್ಣು ತೆರೆದಳು... ಗೋಡೆ ಕಡೆ ಹೊರಳಿ ಇನ್ನೂ ಜೋರಾಗಿ ಅತ್ತಳು.

ಆಗ ಪೆಮಾ ಮೆಲ್ಲಗೆ ಹೇಳಿದಳು, “ಮೇಡಂ, ಯಾದಿ ಸಲುವಾಗಿ ಯಾರೂ ಹಿಂಗ ಅಳಂಗಿಲ್ರಿ. ನಾ ಹೊಸದಾಗಿ ಬಂದಾಗ ‘ಆಮಾ, ಆಮಾ’ ಅಂತ ಅಳತಿದ್ದೆ. ಹುಡುಗಿ ಆಮೆ ಕಂಡು ಅಂಜ್ಯಾಳ ಅಂತ ಎಲ್ಲಾರೂ ನಕ್ರು! ನಮ್ಮ ಮಾತಿನ್ಯಾಗ ಆಮಾ ಅಂದ್ರ ಅವ್ವ ರೀ...”

ಮೇಡಂ ಮಂಚದ ಅಂಚಿಗೆ ಕೂತರು. “ಸೋನಿ... ಯಾಡಿ ಅಂದ್ರ ಅವ್ವ ಏನವಾ?”

ಹುಡುಗಿ ಹೌದೆಂದು ತಲೆಯಾಡಿಸಿದಳು. ಅಲ್ಲಿಗೆ ಕಟ್ಟೆ ಒಡೆಯಿತು.

ಅವಳು ಲಂಬಾಣಿ ಹುಡುಗಿ. ಚವ್ಹಾಣ ಅಂದರೆ ಮರಾಠರು ಅಂತ ಎಲ್ಲರೂ ಅಂದುಕೊಂಡಿದ್ದರು... ಅವಳೂ ಸುಮ್ಮನಿದ್ದಳು.

ಅಡ್ಮಿಷನ್ ದಿನ ಅವ್ವ ಜೊತೆಗೆ ಬಂದಿದ್ದಳು. ಕನ್ನಡಿ ಕೂರಿಸಿದ ಲಂಗ, ರವಿಕೆ, ತೋಳಿನ ತನಕ ಬಳೆ... ತಾಂಡಾದ ಪೂರ್ತಿ ಉಡುಗೆ.

“ಯಾವ ನಾಟಕ ಕಂಪನಿ ಬಂತಲೇ?” ಅಂತ ಯಾರೋ ನಕ್ಕರು. “ಯಾರ ಅಕಿ?” ಅಂತ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು.

ಸೋನಿ ಹೇಳಿದ್ದು... “ನಮ್ಮೂರವರು ಯಾರೋ.”

ಅವ್ವ ಪಕ್ಕದಲ್ಲೇ ಇದ್ದಳು. ಕೇಳಿಸಿಕೊಂಡಳು. ಮಗಳ ಚೀಲ ಕೆಳಗಿಟ್ಟು ಬಸ್ಸಿಗೆ ಹೋದಳು.

“ಹೆತ್ತಾಕಿನ್ನ ಯಾರೋ ಅಂದ ಬಾಯಿಲೆ ನಾ ಏನ್ ಓದ್ಲಿ ಮೇಡಂ?”

ಮೇಡಂ ಬುದ್ಧಿ ಹೇಳಲಿಲ್ಲ. ತಾಂಡಾಕ್ಕೆ ಫೋನ್ ಮಾಡಿದರು.

ಮರುದಿನ ಜ್ವರ ಇಳಿದಿತ್ತು. ಸೋನಿ ಕೇಂದ್ರದ ಬಾಗಿಲಲ್ಲೇ ಕಾಯುತ್ತ ನಿಂತಳು. ಲಂಗದ ಕನ್ನಡಿ ದೂರದಿಂದಲೇ ಮಿಂಚುತ್ತದೆ ಅಂತ ಗೇಟಿನ ಕಡೆಗೇ ಕಣ್ಣು...

ಅವ್ವ ಹತ್ತಿರ ಬಂದು ನಿಲ್ಲುವವರೆಗೂ ಗುರುತೇ ಸಿಗಲಿಲ್ಲ!

ಮೈಮೇಲೆ ಸಾದಾ ಸೀರೆ. ಬಳೆ ಕಾಣದಂತೆ ತೋಳು ತುಂಬ ಸೆರಗು. ಬಗಲಲ್ಲಿ ಒಂದು ಬಟ್ಟೆ ಗಂಟು.

“ಯಾಡಿ! ನಿನ್ನ ಬಟ್ಟಿ ಎಲ್ಲಿ?”

ಅವ್ವ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು... “ಗಂಟಿನ್ಯಾಗ ಐತಿ. ಬಸ್‌ಸ್ಟ್ಯಾಂಡಿನ್ಯಾಗ ಸೀರಿ ಉಟ್ಕೊಂಡೆ. ಯಾರರ ಕೇಳಿದ್ರ ಊರವರು ಅನ್ನು ಮಗಳ... ನಂಗೇನೂ ಬ್ಯಾಸರಿಲ್ಲ. ನೀ ಮಾತ್ರ ಓದು ಬಿಡಬ್ಯಾಡ.”

ಪಕ್ಕದಲ್ಲೇ ನಿಂತಿದ್ದ ಫರ್ಜಾನಾ ಮೇಡಂ, ಅಷ್ಟು ಗಟ್ಟಿ ಹೆಂಗಸು... ದುಪಟ್ಟಾ ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದರು.

ಸೋನಿ ಅವ್ವನನ್ನು ಒಳಗೆ ಕರೆದುಕೊಂಡು ಹೋದಳು. ಗಂಟು ಬಿಚ್ಚಿ ತಾನೇ ಲಂಗ, ರವಿಕೆ ತೊಡಿಸಿದಳು, ತಲೆ ಮೇಲೆ ಓಢಣಿ ಹೊದಿಸಿದಳು. ಕೈ ಹಿಡಿದು ನೇರ ಕ್ಯಾಂಟೀನಿಗೆ ಹೊರಟಳು... ಕ್ಲಾಸಿನವರೆಲ್ಲ ಕೂತಲ್ಲಿಗೆ!

“ಇಕಿ ನಮ್ಮ ಯಾಡಿ. ಅಂದ್ರ ನಮ್ಮವ್ವ. ಅವತ್ತು ನಾ ಸುಳ್ಳು ಹೇಳಿದ್ದೆ.”

ಯಾರೂ ನಗಲಿಲ್ಲ. ಅಂದು ಕೇಳಿದ ಹುಡುಗಿಯೇ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅವ್ವ ಸಂಕೋಚದಿಂದ ಕೂತಳು... ಅವಳ ರವಿಕೆಯ ಪುಟ್ಟ ಪುಟ್ಟ ಕನ್ನಡಿಗಳಲ್ಲಿ ಅಲ್ಲಿದ್ದವರೆಲ್ಲರ ಮುಖ ಕಾಣುತ್ತಿತ್ತು.

ಟಿಸಿ ಮಾತು ಮತ್ತೆ ಬರಲಿಲ್ಲ.

ಮೊನ್ನೆ ನಾನು ಆ ಕೇಂದ್ರಕ್ಕೆ ಹೋಗಿದ್ದೆ. ಬಾಗಿಲಿನ ಮೇಲೆ ಮಕ್ಕಳೇ ಬಣ್ಣದಲ್ಲಿ ಬರೆದಿದ್ದಾರೆ... ಅವ್ವ, ಯಾಡಿ, ಆಮಾ, ಅಮ್ಮಿ, ಅಪ್ಪೆ, ಆಯಿ... ಕೆಳಗೆ ಇನ್ನೂ ಜಾಗ ಬಿಟ್ಟಿದ್ದಾರೆ, ಮುಂದೆ ಬರುವವರಿಗೆ.

ಒಂದು ಬಾಗಿಲಿನ ಮೇಲೆ ಅಷ್ಟು ತಾಯಂದಿರು! ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ.

ಇನ್ನೊಬ್ಬರಿಗೆ ಆಸರೆಯಾಗುವುದೆಂದರೆ, ಅವರ ಮಾತನ್ನು ನಮ್ಮ ಅರ್ಥದಲ್ಲಲ್ಲ, ಅವರ ಅರ್ಥದಲ್ಲಿ ಕೇಳಿಸಿಕೊಳ್ಳುವುದು.

ನಿಮ್ಮ ಪಕ್ಕದಲ್ಲಿ ದಿನಾ ಕೂರುವವರು ತಮ್ಮ ಅವ್ವನನ್ನು ಏನೆಂದು ಕರೆಯುತ್ತಾರೆ... ಒಮ್ಮೆಯಾದರೂ ಕೇಳಿದ್ದೀರಾ?