ಬೇಟೆಗಾರನ ಕೋಗಿಲೆ

ಸಾವಿರಾರು ವರ್ಷಗಳ ಹಿಂದೆ, ಹಿಮ ಬೇಗ ಬೀಳುವ ಬಡಗಣ ಕಾಡಿಗೆ ತೆಂಕಣದವರು ಜವೆಗೋಧಿ ಹೊತ್ತು ಬಂದರು. ಹೊಲಕ್ಕೆಂದು ಅವರು ಹಚ್ಚಿದ ಬೆಂಕಿಯಲ್ಲಿ ಬೇಟೆಗಾರನ ಕಾಡು ಸುಟ್ಟುಹೋಯಿತು, ಜೊತೆಗೆ ಅವನ ತಮ್ಮನೂ. ಆ ಬೆಂಕಿ ಬೇಟೆಗಾರನ ಹೊಟ್ಟೆಯೊಳಗೆ ಮಾತ್ರ ಆರಲೇ ಇಲ್ಲ.

ಕೋಗಿಲೆ ಕೂಗದೆ ಅವರು ಬಿತ್ತುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಹಕ್ಕಿಗಳೇ ಮೋಸಹೋಗುವಂತೆ ಕೂಗಬಲ್ಲವನು ಅವನು. ಕೋಗಿಲೆ ಬರಲು ಇನ್ನೂ ಇಪ್ಪತ್ತು ದಿನವಿರುವಾಗಲೇ ಪೊದೆಯಲ್ಲಿ ಕೂತ.

"ಮೊಳಕೆಯೆಲ್ಲ ಚಳಿಗೆ ಸಾಯ್ಲಿ. ಅವ್ರು ಹಸಿದು ಓಡಿಹೋಗ್ಲಿ."

"ಮೆಲ್ಲಗೆ ಕೂಗು ಮಾರಾಯ," ಎಂದಳು ಪಕ್ಕದಲ್ಲಿದ್ದ ಹೆಂಡತಿ. "ಹೆಣ್ಣು ಕೋಗಿಲೆ ಬಂದು ತಲೆ ಮೇಲೆ ಕೂತೀತು."

ಅವನು ಕೂಗಿದ. ತೆಂಕಣದವರು ಮರುದಿನವೇ ಬಿತ್ತಿದರು.

ಬೇಸಿಗೆ ಮುಗಿಯುವಾಗ ಅವರ ಮುದುಕನೊಬ್ಬ ರೊಟ್ಟಿ ಹಿಡಿದು ಬೇಟೆಗಾರನ ಗುಡಾರಕ್ಕೆ ಬಂದ.

"ಎರಡು ವರ್ಷ ತೆನೆ ಬಲಿಯೋ ಮೊದಲೇ ಹಿಮ ಬಿತ್ತು ತಮ್ಮಾ. ಈ ಸಲವೂ ಹಾಗೇ ಆಗಿದ್ರೆ ಗಂಟುಮೂಟೆ ಕಟ್ಟೋರಿದ್ವಿ."

"ಈ ಸಲ ಏನಾಯ್ತು?"

"ಕೋಗಿಲೆ ಬೇಗ ಕೂಗ್ತು, ಮೊಳಕೆ ಚಳಿ ತಡ್ಕೊಳ್ತು, ಹಿಮಕ್ಕೆ ಮೊದಲೇ ಕೊಯ್ಲಾಯ್ತು. ತೆಂಕಣದ ನಮ್ಮೂರಲ್ಲಿರೋ ನೂರು ಮನೆಯವರಿಗೂ ಇಲ್ಲೇ ಬಂದು ನೆಲೆಸಿ ಅಂತ ಹೇಳಿ ಕಳಿಸಿದೀವಿ. ತಗೋ, ರೊಟ್ಟಿ ಬಿಸಿಯಾಗಿದೆ."