ಮೊಂಡ ಕಲಿತ ಒಂದೇ ಮಾತು

"ಹೇಳೋದೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ ಅಮ್ಮ," ಎನ್ನುತ್ತ ಡಾಕ್ಟರು ನಾಯಿಯ ಮುಂಗಾಲಿಗೆ ಸೂಜಿ ಚುಚ್ಚಿದರು. ಟೈಲರಮ್ಮನ ಬೆರಳು ಮೊಂಡನ ಕುತ್ತಿಗೆಯ ಸುತ್ತ ಕೂದಲೇ ಹುಟ್ಟದ ಗೆರೆಯನ್ನು ಸವರುತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಬೀಗ ಹಾಕಿದ ಗೋದಾಮಿನ ಹಿತ್ತಲಲ್ಲಿ ಯಾರೋ ಕಟ್ಟಿಹಾಕಿ ಮರೆತಿದ್ದ ಮರಿ. ತಂತಿ ಮಾಂಸಕ್ಕಿಳಿದಿತ್ತು. ಬಟ್ಟೆ ಕತ್ತರಿಯಲ್ಲೇ ಅದನ್ನು ತುಂಡರಿಸಿ ಮನೆಗೆ ತಂದರೆ, ಹೊಲಿಗೆ ಮಷೀನಿನ ಕೆಳಗೆ ಹೊಕ್ಕು ಕೂತಿದ್ದ. ಅವಳು ಮೂರು ದಿನ ನೆಲದ ಮೇಲೆ ಕೂತು "ಬಾ, ಬಾ" ಎಂದು ಅಂಗಲಾಚಿದ ಮೇಲೆ ತೆವಳಿಕೊಂಡು ಬಂದು ಮಡಿಲಲ್ಲಿ ತಲೆಯಿಟ್ಟ. ಕಲಿತದ್ದು ಅದೊಂದೇ ಮಾತು. ಕೂರು ಅಂದರೂ ಕಿವುಡ, ಹೋಗು ಅಂದರೂ ಕಿವುಡ. ಅದಕ್ಕೇ ಮೊಂಡ ಎಂಬ ಹೆಸರು. ಬಾ ಅಂದರೆ ಮಾತ್ರ ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಿದ್ದ.

ಈಗ ನಾಲ್ಕು ದಿನದಿಂದ ಎದ್ದು ನಿಂತಿಲ್ಲ. ಇನ್ನು ನರಳಿಸುವುದು ಬೇಡ, ನಿದ್ದೆಯಲ್ಲೇ ಹೋಗಲಿ ಎಂದು ಅವಳೇ ಈ ಸೂಜಿಗೆ ಒಪ್ಪಿದ್ದಳು. ಟೈಲರಮ್ಮ ಬಗ್ಗಿ, ಪ್ರಯಾಣ ಹೊರಟ ಮಗನಿಗೆ ಹೇಳುವಂತೆ, ಅವನ ಕಿವಿಯಲ್ಲಿ "ಹೋಗಿ ಬಾ, ಕಂದ" ಎಂದಳು.

ಮೊಂಡ ಕಣ್ಣು ತೆರೆದ. ಮುಂಗಾಲನ್ನು ಮೇಜಿಗೆ ಊರಿ, ಗಡಗಡ ನಡುಗುತ್ತ, ಅವಳತ್ತ ಏಳತೊಡಗಿದ.

"ತಡೀರಿ ಡಾಕ್ಟ್ರೇ," ಎಂದಳು ಅವಳು. "ಬರ್ತಿದಾನೆ."

ಸಿರಿಂಜು ಖಾಲಿಯಾಗಿತ್ತು.