ಎರಡನೇ ಪ್ರತಿವಾದಿ

ಒಂದನೇ ಪ್ರತಿವಾದಿಯನ್ನು ದಾವೆಯಿಂದ ಕೈಬಿಡಲಾಗಿದೆ ಎಂದು ನ್ಯಾಯಾಧೀಶರು ಓದಿದಾಗ ಅಕ್ಕನಿಗೆ ತಿಳಿದದ್ದು ಇಷ್ಟೇ: ತನ್ನ ಬೆರಳುಗಳನ್ನು ನುಂಗಿದ ಇಸ್ತ್ರಿ ಯಂತ್ರದ ಕಂಪನಿ ಬಚಾವಾಯಿತು. ಉಳಿದವನು ಎರಡನೇ ಪ್ರತಿವಾದಿ, ಆ ಯಂತ್ರವಿದ್ದ ಲಾಂಡ್ರಿಯ ಯಜಮಾನ, ಅವಳ ಒಡಹುಟ್ಟಿದ ತಮ್ಮ. "ಯಾರನ್ನೂ ಬಿಡಬಾರದು, ಎಲ್ಲರ ಹೆಸರೂ ಹಾಕೋಣ" ಎಂದು ವಕೀಲರು ಅಂದಾಗ ಗೋಣು ಆಡಿಸಿದ್ದಳು. ಪ್ರತಿ ವಾಯಿದೆಗೂ ಅವನ ಸ್ಕೂಟರಿನಲ್ಲೇ ಬರುತ್ತಿದ್ದಳು. ವಾದಿ, ಪ್ರತಿವಾದಿ ಒಂದೇ ಡಬ್ಬಿಯಲ್ಲಿ ಉಣ್ಣುವುದನ್ನು ನೋಡಿ ನೋಡಿ ಜವಾನನಿಗೂ ನಗು ಬರುವುದು ನಿಂತಿತ್ತು.

"ಇವತ್ತೇ ಅಪೀಲು ಹಾಕಿ ಸಾರ್," ಎಂದಳು ವರಾಂಡದಲ್ಲಿ.

"ಆಗಲ್ಲಮ್ಮ. ಇದು ಅರ್ಧ ತೀರ್ಪು. ನಿಮ್ಮ ತಮ್ಮನ ಮೇಲಿನದ್ದೂ ಮುಗೀಬೇಕು. ಆಮೇಲೇ ಕಂಪನಿ ವಿಷಯ ಮೇಲಿನ ಕೋರ್ಟಿಗೆ."

"ಅದು ಯಾವಾಗ ಮುಗಿಯುತ್ತೆ?"

ವಕೀಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಸಾಕ್ಷಿ ಆಗಬೇಕು, ವಾದ ಆಗಬೇಕು... ವರ್ಷಗಟ್ಟಲೆ."

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಗೆಲ್ಲದೆ ಸೋಲದೆ ಬೆಂಚು ಕಾಯುವವರ ಬಗ್ಗೆ ಯೋಚಿಸಲು ಗಾದೆ ಕಟ್ಟಿದವರಿಗೆ ಪುರುಸೊತ್ತಿರಲಿಲ್ಲ. "ನಿನ್ನ ಕೇಸು ಮುಗಿಯೋ ಹೊತ್ತಿಗೆ ನಾನಿರಲ್ಲ ಕಣೋ, ಸಾಕಾಗಿಹೋಗಿದೆ," ಎಂದಳು ಅಕ್ಕ. ವಕೀಲರ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ತಮ್ಮ ತಲೆ ತಗ್ಗಿಸಿದ. ಕೈ ಒಳಗೆ ಸಿಕ್ಕದಂತೆ ತಡೆಯುವ ಯಂತ್ರದ ಕಾವಲು ಸರಳು ಬಂದ ದಿನದಿಂದಲೂ ಸರಿಯಾಗಿ ಕೂರುತ್ತಿರಲಿಲ್ಲ. ಕಂಪನಿಗೆ ಫೋನು ಮಾಡಿ ಮಾಡಿ ಅವನೂ ಸೋತಿದ್ದ. ಕೋರ್ಟಿನಲ್ಲಿ ಕಂಪನಿ ಹೇಳಿದ್ದೇ ಬೇರೆ: ಸರಳನ್ನು ಇವನೇ ಬಿಚ್ಚಿಟ್ಟಿದ್ದ ಅಂತ.

ಮುಂದಿನ ವಾಯಿದೆಯಲ್ಲಿ ಹೆಸರು ಕೂಗಿದ್ದೇ ತಡ, ತಮ್ಮ ತನ್ನ ವಕೀಲರನ್ನೂ ಕೇಳದೆ ಎದ್ದು ನಿಂತ.

"ಸ್ವಾಮಿ, ತಪ್ಪೆಲ್ಲ ನಂದೇ. ಯಂತ್ರ ಸರಿಯಾಗಿತ್ತು. ಸರಳು ಬಿಚ್ಚಿಟ್ಟೋನು ನಾನು. ನನ್ನ ಮೇಲೆ ತೀರ್ಪು ಬರೆದು ಮುಗಿಸಿಬಿಡಿ."

"ಸುಳ್ಳು!" ಎಂದು ಅಕ್ಕ ಕಿರುಚಿದಳು. ಕೂತುಕೊಳ್ಳುವಂತೆ ನ್ಯಾಯಾಧೀಶರು ಗದರಿದರು. ತಮ್ಮನ ಮಾತು ಅಕ್ಷರಕ್ಷರವೂ ದಾಖಲಾಯಿತು. "ಮುಗೀತಮ್ಮ," ಎಂದರು ಅವಳ ವಕೀಲರು ಮೆಲ್ಲಗೆ. "ಅಪೀಲೇನೋ ಹಾಕಬಹುದು. ಆದರೆ ಕಂಪನಿಯೋರು ಇವನ ಈ ಮಾತು ಓದಿ ಹೇಳಿದರೆ ಸಾಕು, ನಾವು ಬರಿಗೈಲಿ ವಾಪಸ್ಸು."

ಹೊರಗೆ ತಮ್ಮನ ಮುಖ ಎಷ್ಟೋ ಕಾಲದ ಮೇಲೆ ಹಗುರಾಗಿತ್ತು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಅಕ್ಕನಿಗೆ, ತಬ್ಬಿಕೊಂಡು ಅಳಬೇಕು ಅಂತಲೂ.

"ಅಂಗಡಿ ಹೋದರೆ ಹೋಗಲಿ ಬಿಡಕ್ಕಾ," ಎಂದ ಅವನು. "ನನ್ನದು ಮುಗಿಸಿಬಿಟ್ಟೆ. ಇನ್ನು ಕಂಪನಿಯೋರು ತಪ್ಪಿಸಿಕೊಳ್ಳೋಕಾಗಲ್ಲ, ಅಲ್ವಾ?"

"ಆಗಲ್ಲ ಕಣೋ," ಎಂದಳು ಅಕ್ಕ.